ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಕಲಬುರಗಿಯಲ್ಲಿ ಒಂದು ಹಾಡಿನ ಕ್ಲಾಸು

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಆಯಿತು ಅನ್ನೋದು ಮುಂದೆ ಬರುತ್ತೆ.

ಕ್ಲಾಸಿನ ಹೆಸರು ಹಾಕುತ್ತಿಲ್ಲ. ಗುರುಗಳೇ ಬೇಡ ಅಂದರು. "ಇರೋ ಹುಡುಗರಿಗೇ ಜಾಗ ಸಾಲಂಗಿಲ್ಲರಿ, ಮತ್ತ ಯಾರನ್ನ ಕರಿತೀರಿ" ಅಂತ ನಕ್ಕುಬಿಟ್ಟರು. ಬೋರ್ಡೂ ಇಲ್ಲ, ಪಾಂಪ್ಲೆಟ್ಟೂ ಇಲ್ಲ. ಜೇವರ್ಗಿ ರಸ್ತೆ ಕಡೆ ಒಂದು ಮನೆಯ ಮಹಡಿ ಮೇಲೆ ನಡೆಯುತ್ತೆ, ಸಂಜೆ ಆ ಕಡೆ ಹೋದರೆ ಹಾರ್ಮೋನಿಯಂ ಸದ್ದೇ ದಾರಿ ತೋರಿಸುತ್ತೆ. ಆದರೂ ಇಷ್ಟುದ್ದ ಬರೆಯುತ್ತಿರೋದು ಯಾಕೆ ಅಂದರೆ, ಹನ್ನೆರಡು ಹದಿಮೂರು ವಯಸ್ಸಿನ ಗಂಡುಮಕ್ಕಳನ್ನು ಹಾಡಲು ಕಳಿಸುವವರು ಫೀಸ್ ಎಷ್ಟು, ಪರೀಕ್ಷೆ ಯಾವಾಗ ಅಂತ ಕೇಳ್ತಾರೆ, ಹುಡುಗನ ದನಿ ಒಡೆದಾಗ ಏನು ಮಾಡ್ತೀರಿ ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದೇ.

ನಮ್ಮ ಹುಡುಗ ಸಣ್ಣವನಿದ್ದಾಗಿಂದ ಹಾಡುತ್ತಾನೆ. ಅವನ ಮುತ್ಯಾ, ಅಂದರೆ ಅಜ್ಜ, ಊರಿನ ಭಜನೆ ಮೇಳದವರು. ಕಡಕೋಳ ಮಡಿವಾಳಪ್ಪನವರ ತತ್ವಪದ ಹಿಡಿದರೆ ಬೆಳಕು ಹರಿಯುವ ತನಕ ಬಿಡುವವರಲ್ಲ. ಅವರ ಮಗ್ಗುಲಲ್ಲಿ ಕೂತು ಇವನಿಗೂ ಹುಚ್ಚು ಹತ್ತಿತು. ಆಗ ಇವನ ಸಾ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರ, ಹಾರ್ಮೋನಿಯಂನಲ್ಲಿ ಕರಿ ಐದು, ಐದನೇ ಕಪ್ಪು ಮನೆ. ಅಂದರೆ ಸಾಮಾನ್ಯವಾಗಿ ಹೆಣ್ಣುಮಕ್ಕಳು ಹಾಡುವ ಶ್ರುತಿ. ತಾರ ಸಾ, ಅಂದರೆ ಮೇಲಿನ ಸಾ ಅಂತೂ ನೀರು ಕುಡಿದಂಗೆ ಮುಟ್ಟುತ್ತಿದ್ದ. ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಗಣೇಶನ ಪೆಂಡಾಲಿನಲ್ಲಿ ಭಕ್ತಿಗೀತೆ, ನೆಂಟರ ಮದುವೆಯಲ್ಲಿ ವಚನ, ಎಲ್ಲಾ ಕಡೆ ಇವನದೇ ಮೈಕು.

ಎಂಟನೇ ಕ್ಲಾಸಿಗೆ ಬಂದ ಮೇಲೆ ಕಥೆ ಬದಲಾಯಿತು. ಮಾತಾಡುತ್ತಾ ಇದ್ದಂಗೆ ದನಿ ಒಂದು ಕಡೆ ಗೊಗ್ಗರು, ಇನ್ನೊಂದು ಕಡೆ ಕೀರಲು. ಆಗ ಹೋಗುತ್ತಿದ್ದ ಬೇರೆ ಕ್ಲಾಸಿನಲ್ಲಿ ಮೊದಲು "ರಿಯಾಜ್ ಸಾಲದು, ಬಾಯಿ ಬಿಟ್ಟು ಹಾಡು" ಅಂದರು. ಅದೇ ಕರಿ ಐದರಲ್ಲೇ. ಹುಡುಗ ಕತ್ತಿನ ನರ ಉಬ್ಬಿಸಿ ಹಾಡಿ ಬಂದರೆ ರಾತ್ರಿ ಊಟಕ್ಕೆ ಕೂತಾಗ ಮಾತೇ ಹೊರಡುತ್ತಿರಲಿಲ್ಲ. ಅದು ಆಗಲ್ಲ ಅಂತ ಗೊತ್ತಾದ ಮೇಲೆ ಇನ್ನೊಂದು ಮಾತು ಬಂತು: "ಎರಡು ವರ್ಷ ಬಿಟ್ಟು ಬರಲಿ, ದನಿ ಕೂತ ಮೇಲೆ ನೋಡೋಣ." ಕೇಳಲು ಇದು ಬುದ್ಧಿವಂತರ ಮಾತಿನ ಹಾಗೇ ಇದೆ. ಆದರೆ ಎಂಟನೇ ಕ್ಲಾಸಿನಲ್ಲಿ ಹಾಡು ಬಿಟ್ಟ ಹುಡುಗ ಹತ್ತನೇ ಕ್ಲಾಸಿನಲ್ಲಿ ವಾಪಸ್ ಬರ್ತಾನಾ? ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಆಮೇಲೆ ನೀಟು ಸಿಇಟಿ ಕೋಚಿಂಗು. ನಮ್ಮ ಓಣಿಯಲ್ಲೇ ಹಾಗೆ ಬಿಟ್ಟವರು ಇದ್ದಾರೆ, ಒಬ್ಬರೂ ತಿರುಗಿ ಬಂದಿಲ್ಲ.

ಈಗಿನ ಕ್ಲಾಸಿಗೆ ಹೋದ ಮೊದಲ ದಿನ ಗುರುಗಳು ಹಾಡು ಅನ್ನಲೇ ಇಲ್ಲ. ಊರು ಯಾವುದು, ಕ್ರಿಕೆಟ್ ಆಡ್ತೀಯಾ, ಬೌಲಿಂಗಾ ಬ್ಯಾಟಿಂಗಾ ಅಂತ ಮಾತಾಡಿಸಿದರು. ಆಮೇಲೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಅಂದರು. ಇವನು ಎಣಿಸುತ್ತಿದ್ದರೆ ಅವರು ಹಾರ್ಮೋನಿಯಂ ಮೇಲೆ ಒಂದೊಂದೇ ಮನೆ ಒತ್ತಿ ನೋಡುತ್ತಿದ್ದರು. ಮಾತಾಡುವಾಗ ದನಿ ಎಲ್ಲಿ ಸುಮ್ನೆ ಕೂರುತ್ತೆ ಅಂತ ಮೊದಲು ಹುಡುಕಬೇಕಂತೆ, ಅದರ ಆಸುಪಾಸಿನಲ್ಲೇ ಸಾ ಇಡಬೇಕಂತೆ. ಹುಡುಗ ಇಪ್ಪತ್ತರಿಂದ ಒಂದಕ್ಕೆ ಬರುವಷ್ಟರಲ್ಲಿ ಅವನ ಸಾ ಕರಿ ಐದರಿಂದ ಇಳಿದು ಬಿಳಿ ನಾಲ್ಕಕ್ಕೆ ಬಂದು ಕೂತಿತ್ತು. ಹಾಡಿ ಅಂತ ಹೇಳದೇ ಶ್ರುತಿ ಹುಡುಕಿದ್ದು ನನಗಂತೂ ಬಹಳ ಇಷ್ಟವಾಯಿತು, ಹುಡುಗನಿಗೆ ಹೆದರಲು ಪುರುಸೊತ್ತೇ ಸಿಗಲಿಲ್ಲ.

ಅವತ್ತೇ ಅವನ ಕೈಯನ್ನು ಅವನ ಗಂಟಲ ಮೇಲೆ ಇಡಿಸಿ, ಒಳಗೆ ಏನು ನಡೀತಿದೆ ಅಂತ ಹುಡುಗನಿಗೇ ಹೇಳಿದರು. ನನಗಲ್ಲ, ಅವನಿಗೆ. ಗಂಟಲೊಳಗೆ ಧ್ವನಿಪೆಟ್ಟಿಗೆ, ಅದರೊಳಗೆ ಎರಡು ಧ್ವನಿತಂತು. ಸಣ್ಣ ಹುಡುಗ ಹುಡುಗಿಯರಲ್ಲಿ ಇವುಗಳ ಉದ್ದ ಹೆಚ್ಚುಕಡಿಮೆ ಒಂದೇ. ಗಂಡುಮಕ್ಕಳಲ್ಲಿ ಸುಮಾರು ಹನ್ನೆರಡರಿಂದ ಹದಿನೈದರ ನಡುವೆ ಟೆಸ್ಟೊಸ್ಟೆರಾನ್ ಹೆಚ್ಚಾದ ಹಾಗೆ ಪೆಟ್ಟಿಗೆ ದೊಡ್ಡದಾಗುತ್ತೆ, ತಂತು ಉದ್ದವೂ ಆಗುತ್ತೆ, ದಪ್ಪವೂ ಆಗುತ್ತೆ. ಬೆಳೆದ ಗಂಡಸರಲ್ಲಿ ಎರಡು ಸೆಂಟಿಮೀಟರ್ ಆಸುಪಾಸು, ಹೆಂಗಸರಲ್ಲಿ ಒಂದೂವರೆ ಆಸುಪಾಸು. ತಂತು ಉದ್ದ ದಪ್ಪ ಆದರೆ ನಿಧಾನ ನಡುಗುತ್ತೆ, ದನಿ ಕೆಳಗೆ ಇಳಿಯುತ್ತೆ. ಹುಡುಗರಲ್ಲಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು, ಅಂದರೆ ಒಂದು ಸಾದಿಂದ ಇನ್ನೊಂದು ಸಾ ಇರುವಷ್ಟು ಇಳಿಯುತ್ತೆ. ಕತ್ತಿನ ಮುಂದೆ ಗಂಟಲಮಣಿ ಎದ್ದು ಕಾಣೋದೂ ಇದರಿಂದಲೇ. ತೊಂದರೆ ಏನಂದರೆ ಪೆಟ್ಟಿಗೆ ಬೆಳೆದಷ್ಟು ಬೇಗ ಸ್ನಾಯುಗಳಿಗೆ ಹಿಡಿತ ಬರಲ್ಲ. ಮೊನ್ನೆವರೆಗೆ ಕಲಿತ ಅಂದಾಜೆಲ್ಲ ತಪ್ಪುತ್ತೆ. ಅದಕ್ಕೇ ದನಿ ನಡುವೆ ಹಾರುತ್ತೆ.

"ನಿನ್ನ ದನಿ ಕೆಟ್ಟಿಲ್ಲಪ್ಪ, ಬೆಳಿಲಿಕ್ಕತ್ತದ" ಅಂದರು. ಅಲ್ಲಿಯವರೆಗೆ ಹುಡುಗ ತನ್ನ ದನಿ ಹೋಯ್ತು ಅಂತಲೇ ತಿಳಿದಿದ್ದ. ಮನೆಯಲ್ಲಿ ನಾವೂ ಸಮಾಧಾನ ಹೇಳಿದ್ದೆವು, ಆದರೆ ಅಪ್ಪ ಅವ್ವ ಹೇಳೋದಕ್ಕೂ ಹಾರ್ಮೋನಿಯಂ ಮುಂದೆ ಕೂತವರು ಹೇಳೋದಕ್ಕೂ ವ್ಯತ್ಯಾಸ ಇದೆ ನೋಡಿ.

ಈಗ ಕಲಿಸುವ ರೀತಿಗೆ ಬರ್ತೀನಿ. ಪ್ರತಿ ವಾರ ಸಾ ಎಲ್ಲಿದೆ ಅಂತ ಮತ್ತೆ ನೋಡುತ್ತಾರೆ. ಬಿಳಿ ನಾಲ್ಕರಿಂದ ಕರಿ ಎರಡಕ್ಕೆ ಇಳಿಯಿತು, ಅಲ್ಲಿ ಬಹಳ ದಿನ ನಿಂತಿತು, ಆಮೇಲೆ ಬಿಳಿ ಎರಡು. ನಡುವೆ ಒಮ್ಮೆ ಕರಿ ಒಂದರ ತನಕ ಹೋಗಿ ವಾಪಸ್ ಬಂತು. ಲೆಕ್ಕ ಇಷ್ಟಪಡುವವರಿಗೆ ಹೇಳ್ತೀನಿ: ಇವನು ಸಣ್ಣವನಿದ್ದಾಗ ಹಾಡುತ್ತಿದ್ದ ಕರಿ ಐದು ಸೆಕೆಂಡಿಗೆ 233 ಕಂಪನದ ಸ್ವರ, ಈಗಿನ ಬಿಳಿ ಎರಡು 147. ಅದೇ ಸಾ, ಅದೇ ಭೂಪಾಲಿ ರಾಗ, ಅದೇ ಹುಡುಗ. ಮೊಬೈಲಿನ ತಂಬೂರಿ ಆಪ್‌ನಲ್ಲಿ ಶ್ರುತಿ ಬದಲಿಸೋದು ಬೆರಳಿನ ಕೆಲಸ, ಆದರೆ ಎಷ್ಟೋ ಕಡೆ ಇಡೀ ಬ್ಯಾಚಿಗೆ ಒಂದೇ ಶ್ರುತಿ ಹಾಕಿ ಕೂರಿಸುತ್ತಾರೆ. ಇಲ್ಲಿ ದನಿ ಒಡೆಯುತ್ತಿರುವ ಹುಡುಗರಿಗೆ ಬೇರೆ ಬ್ಯಾಚ್. ನಾಲ್ಕೈದು ಜನ, ಒಬ್ಬೊಬ್ಬರದು ಒಂದೊಂದು ಅವತಾರ, ಯಾರ ದನಿ ಹಾರಿದರೂ ಯಾರೂ ನಗಲ್ಲ, ಯಾಕೆಂದರೆ ಮುಂದಿನ ಸರದಿ ತಮ್ಮದೇ ಅಂತ ಎಲ್ಲರಿಗೂ ಗೊತ್ತು.

ಇನ್ನೊಂದು ಸೂಕ್ಷ್ಮ ನನಗೆ ತಿಂಗಳುಗಟ್ಟಲೆ ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳಿದ ಮೇಲೆ ಅರ್ಥವಾಯಿತು. ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಕಲಿಸುವಾಗ ಈ ಹುಡುಗರಿಗೆ ಅದರ ಮೊದಲ ಭಾಗ ಸ್ಥಾಯಿ ಮಾತ್ರ ಹೇಳಿಕೊಡುತ್ತಾರೆ, ಎರಡನೇ ಭಾಗ ಅಂತರಾ ಮುಂದಕ್ಕೆ ಹಾಕುತ್ತಾರೆ. ಅಂತರಾ ಅಂದರೆ ಸಾಮಾನ್ಯವಾಗಿ ತಾರ ಸಾಗೆ ಏರಲೇಬೇಕು, ಆ ವಯಸ್ಸಿನಲ್ಲಿ ದನಿಯ ಹರವು ಕುಗ್ಗಿರುತ್ತೆ, ಕೆಲವು ಹುಡುಗರಿಗೆ ನಡುವೆ ಒಂದೆರಡು ಸ್ವರ ಹೊರಡೋದೇ ಇಲ್ಲ, ಗಾಳಿ ಅಷ್ಟೇ ಬರುತ್ತೆ. ಹಾಗಾಗಿ ಭೂಪಾಲಿ, ದುರ್ಗಾದಂಥ ಐದು ಸ್ವರದ ರಾಗ. ಅದರಲ್ಲೂ ಮಂದ್ರದ, ಅಂದರೆ ಕೆಳಗಿನ ಸಪ್ತಕದ ಧಾದಿಂದ ಮಧ್ಯದ ಪಾ ತನಕ. ಅಷ್ಟರಲ್ಲೇ ಎಷ್ಟು ತಿರುಗಾಡ್ತೀಯೋ ತಿರುಗಾಡು ಅಂತಾರೆ. ಸಣ್ಣ ಜಾಗ ಸಿಕ್ಕಿದ್ದರಿಂದ ಇವನು ಒಂದೊಂದು ಸ್ವರದ ಮೇಲೆ ನಿಲ್ಲಲು ಕಲಿತ. ಮೊದಲೆಲ್ಲ ಮೇಲಿನ ಸಾ ಮುಟ್ಟಿ ಚಪ್ಪಾಳೆ ಗಿಟ್ಟಿಸೋದೇ ಹಾಡು ಅಂದುಕೊಂಡಿದ್ದ.

ದನಿ ತೀರಾ ಕೈಕೊಟ್ಟ ದಿನ ಹಾಡಿಸಲ್ಲ. ಆದರೆ ಮನೆಗೂ ಕಳಿಸಲ್ಲ. ಕೈಯಲ್ಲಿ ತೀನ್‌ತಾಲ ಹಾಕಿ ಹದಿನಾರು ಮಾತ್ರೆ ಎಣಿಸು, ಏಕತಾಲ ಹಾಕು, ತಬಲಾದ ಬೋಲ್ ಬಾಯಲ್ಲಿ ಹೇಳು, ಹಾರ್ಮೋನಿಯಂ ಮೇಲೆ ಸ್ವರಾಭ್ಯಾಸದ ಪಲ್ಟಾ ನುಡಿಸು, ಹಾಡಿನ ಸ್ವರಗಳನ್ನು ಭಾತಖಂಡೆ ಪದ್ಧತಿಯ ಸ್ವರಲಿಪಿಯಲ್ಲಿ ಬರಿ. ಇದರಿಂದ ಏನಾಯಿತು ಅಂದರೆ ಹಾಡಲು ಬಂದ ಹುಡುಗ ಹಾರ್ಮೋನಿಯಂ ಕಲಿತುಬಿಟ್ಟ. ಈಗ ಊರಿಗೆ ಹೋದರೆ ಮುತ್ಯಾನ ಮೇಳದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇವನದೇ.

ಆ ಮೇಳದ್ದೂ ಒಂದು ತಕರಾರು ಇತ್ತು. ಭಜನೆಯಲ್ಲಿ ದೊಡ್ಡವರು ಎತ್ತರದ ಶ್ರುತಿ ಹಿಡಿದು, ದಮ್ಮಡಿ ತಾಳದ ಸದ್ದಿನ ಮೇಲೆ ಕೇಳಿಸಬೇಕು ಅಂತ ಹೊಡೆದು ಹಾಡುತ್ತಾರೆ. ಅವರ ಗಂಟಲು ಹಣ್ಣಾಗಿದೆ, ತಡೆಯುತ್ತೆ. ಇವನು ಅದಕ್ಕೆ ದನಿಗೂಡಿಸಲು ಹೋಗಿ ಮೂರು ದಿನ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಗುರುಗಳು ಭಜನೆಗೆ ಹೋಗಬೇಡ ಅಂತಾರೇನೋ ಅಂತ ನಾನು ಅಂಜಿದ್ದೆ, ಮಾವನವರಿಗೆ ಏನು ಹೇಳೋದು? ಗುರುಗಳು ಅಂದಿದ್ದು ಇಷ್ಟೇ: "ಹೋಗಲಿ, ಕೂತು ನುಡಿಸ್ಲಿ. ಹಾಡಿದ್ರ ಒಂದು ಸಪ್ತಕ ಕೆಳಗ ಹಾಡ್ಲಿ. ಮುತ್ಯಾಗ ನಾ ಹೇಳ್ತೀನಿ." ಫೋನ್ ಮಾಡಿ ಹೇಳಿಯೂ ಹೇಳಿದರು. ಮಾವನವರು ಒಪ್ಪಿದರು. ನಾನು ಹೇಳಿದ್ದರೆ ಒಪ್ಪುತ್ತಿದ್ದರಾ, ಬಿಡಿ.

ಮನೆಮದ್ದಿನ ಬಗ್ಗೆಯೂ ಬಹಳ ಜನ ಕೇಳ್ತಾರೆ. ನಮ್ಮಲ್ಲಿ ದನಿ ಒಡೆದ ಹುಡುಗನಿಗೆ ಜ್ಯೇಷ್ಠಮಧು, ಮೆಣಸು ತುಪ್ಪ, ಕಲ್ಲುಸಕ್ಕರೆ, ಶುಂಠಿ, ಕೊನೆಗೆ ಹಸಿ ಮೊಟ್ಟೆ ತನಕ ಹೇಳದವರಿಲ್ಲ. ಗಂಟಲಿಗೆ ಹಿತ ಅನಿಸಿದರೆ ತಗೊಳ್ಳಲಿ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತೆ, ಧ್ವನಿತಂತಿನ ಮೇಲೆ ಬೀಳೋದೇ ಇಲ್ಲ ಅನ್ನುತ್ತಾರೆ ಗುರುಗಳು. ಬೆಳೆಯೋ ದನಿಯನ್ನು ಯಾವ ಮದ್ದೂ ಬೇಗ ಬೆಳೆಸಲ್ಲ, ತಡೆಯೋದೂ ಇಲ್ಲ. ನೀರು ಮಾತ್ರ ಹಠ ಹಿಡಿದು ಕುಡಿಸ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ಸೈಕಲ್ ಮೇಲೆ ಬಂದ ಹುಡುಗನ ಬಾಯಿ ಒಣಗಿರುತ್ತೆ, ಕೂತ ಕೂಡಲೇ ಹಾಡಿಸಲ್ಲ, ಮೊದಲು ನೀರು, ಸ್ವಲ್ಪ ಹೊತ್ತು ಸುಮ್ನೆ ಕೂತು ತಂಬೂರಿ ಕೇಳಬೇಕು. ಖಾರ ಬಿಡಿಸಿಲ್ಲ. ಬಿಡಿಸಿದರೆ ಕಲಬುರಗಿಯಲ್ಲಿ ತಿನ್ನೋದಾದರೂ ಏನು? ಮಿರ್ಚಿ ಭಜ್ಜಿ ತಿಂದು ಕೂಡಲೇ ಮಲಗಬೇಡ, ಊಟಕ್ಕೂ ನಿದ್ದೆಗೂ ಎರಡು ತಾಸು ಅಂತರ ಇರಲಿ, ಹೊಟ್ಟೆಯ ಹುಳಿ ಮೇಲೆ ಬಂದರೆ ಗಂಟಲು ಸುಡುತ್ತೆ ಅಂದರು. ಕ್ರಿಕೆಟ್ಟಿನಲ್ಲಿ ಕಿರುಚೋದು, ಸುಮ್ಮಸುಮ್ಮನೆ ಕ್ಯಾಕರಿಸೋದು, ಇವೆರಡಕ್ಕೆ ಬೈಗುಳ ಗ್ಯಾರಂಟಿ.

ಒಬ್ಬ ಹುಡುಗನಿಗೆ ಗಂಟಲು ಕಟ್ಟಿದ್ದು ಮೂರು ವಾರ ಕಳೆದರೂ ಬಿಡಲಿಲ್ಲ. ಇದು ವಯಸ್ಸಿನದ್ದಲ್ಲ, ಇಎನ್‌ಟಿ ಡಾಕ್ಟರಿಗೆ ತೋರಿಸಿ, ಅವರು ನೋಡಿ ಹೇಳುವ ತನಕ ಹಾಡಿಸಲ್ಲ ಅಂತ ಕಳಿಸಿದರು. ಫೀಸ್ ಹೋಗುತ್ತೆ ಅಂತ ನೋಡಲಿಲ್ಲ. ಇನ್ನು ಕೆಲವು ಹುಡುಗರಿಗೆ ಗಂಟಲು ಪೂರ್ತಿ ಬೆಳೆದರೂ ಹಳೇ ಸಣ್ಣ ದನಿಯೇ ರೂಢಿಯಾಗಿ ಉಳಿದುಬಿಡುತ್ತಂತೆ, ಅದಕ್ಕೂ ಮಾತಿನ ಥೆರಪಿ ಇದೆ, ಬಹಳ ಮಟ್ಟಿಗೆ ಸರಿಹೋಗುತ್ತೆ, ನಾಚಿಕೆ ಪಡುವಂಥದ್ದೇನಿಲ್ಲ.

ಸ್ಟೇಜಿನ ವಿಷಯದಲ್ಲಿ ಮಾತ್ರ ಇವರ ಜೊತೆ ಪಾಲಕರ ಜಗಳ ತಪ್ಪಿದ್ದಲ್ಲ. ಸ್ಪರ್ಧೆ ಇದೆ, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಕಾರ್ಯಕ್ರಮ ಇದೆ, ಸರ್ ನಮ್ಮ ಹುಡುಗನ್ನ ಹಾಡಿಸಿ ಅಂತ ಬಂದರೆ, ಗುಂಪಿನಲ್ಲಿ ಬೇಕಾದರೆ ಹಾಡಲಿ, ಅದೂ ಹುಡುಗಿಯರ ಶ್ರುತಿಯಲ್ಲಿ ಬೇಡ, ಒಬ್ಬನೇ ಹಾಡೋದು ಈಗ ಬೇಡ ಅಂತಾರೆ. ನನಗೂ ಮೊದಲು ಬೇಜಾರಾಗಿತ್ತು. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಪಕ್ಕದ ಮನೆ ಹುಡುಗಿ ಹಾಡಿದಾಗ ನಮ್ಮವನೂ ಹಾಡಬಹುದಿತ್ತು ಅನ್ನಿಸೋದು ಸಹಜ ಅಲ್ವಾ. ಆಗ ಇವರು ಭೀಮಸೇನ ಜೋಶಿಯವರ ವರ್ಷ ಲೆಕ್ಕ ಹಾಕಿಸುತ್ತಾರೆ. ಹುಟ್ಟಿದ್ದು 1922, ಗುರುವನ್ನು ಹುಡುಕಿ ಮನೆ ಬಿಟ್ಟಿದ್ದು 1933, ಮೊದಲ ಸಾರ್ವಜನಿಕ ಕಛೇರಿ 1941ರಲ್ಲಿ, ಹತ್ತೊಂಬತ್ತಕ್ಕೆ. ನಡುವಿನ ವಯಸ್ಸೆಲ್ಲ ಅಲೆದಾಟ ಮತ್ತು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಪಾಠ. "ನಿಮ್ಮ ಹುಡುಗಗ ಏನ್ ಅವಸರ ಅದರಿ?" ಅಂದರೆ ಪಾಲಕರು ಬಾಯಿ ಮುಚ್ಚಲೇಬೇಕು. ಇನ್ನೊಂದು ಕಡೆ ಕುಮಾರ ಗಂಧರ್ವರಂಥವರು ಬಾಲಕರಿದ್ದಾಗಲೇ ಸಭೆ ಗೆದ್ದವರು, ಅದನ್ನು ನಾನು ಎತ್ತಿದೆ. ಅವರೂ ಆಮೇಲೆ ಮುಂಬೈಯಲ್ಲಿ ದೇವಧರ ಅವರ ಹತ್ತಿರ ವರ್ಷಗಟ್ಟಲೆ ಕೂತು ಕಲಿತರು ಅನ್ನೋದನ್ನ ಮರೀಬೇಡಿ ಅಂದರು.

ದನಿ ಬದಲಾದರೂ ಹಾಡು ಹೋಗಲ್ಲ ಅನ್ನೋದಕ್ಕೆ ಗಂಗೂಬಾಯಿ ಹಾನಗಲ್ ಅವರನ್ನೂ ಕೇಳಿಸುತ್ತಾರೆ. 1930ರ ದಶಕದ ಹಳೇ ರೆಕಾರ್ಡಿನಲ್ಲಿ ಸಣ್ಣ, ಎತ್ತರದ ದನಿ. ಗಂಟಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಗಂಡು ದನಿಯಂಥ ಘನ. ಅದು ವಯಸ್ಸಿನಿಂದ ಆದ ಬದಲಾವಣೆ ಅಲ್ಲ, ನಿಜ. ಆದರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿದ ನಮ್ಮ ಹುಡುಗ ಆ ವಾರವೆಲ್ಲ ಅದನ್ನೇ ಹಾಕಿಕೊಂಡು ಕೂತಿದ್ದ.

ಈಗ ಆ ಒಂದು ಸ್ಟಾರ್. ನನ್ನ ತಂಗಿ ಮಗಳೂ ಅಲ್ಲೇ ಕಲಿಯುತ್ತಾಳೆ, ಇವನಿಗಿಂತ ಒಂದು ವರ್ಷ ದೊಡ್ಡವಳು. ಹುಡುಗಿಯರ ದನಿಯೂ ಆ ವಯಸ್ಸಿನಲ್ಲಿ ಬದಲಾಗುತ್ತೆ. ಹಾರ್ಮೋನಿಯಂನ ಎರಡು ಮೂರು ಮನೆಯಷ್ಟೇ ಇಳಿಯೋದರಿಂದ ಯಾರ ಗಮನಕ್ಕೂ ಬರಲ್ಲ. ಅವಳ ದನಿಯಲ್ಲಿ ಗಾಳಿ ಜಾಸ್ತಿ ಆಗಿತ್ತು, ಉಸಿರು ಬೇಗ ಮುಗಿಯುತ್ತಿತ್ತು. ತಂತುಗಳು ಹಿಂದಿನ ತುದಿಯಲ್ಲಿ ಪೂರ್ತಿ ಕೂಡದೇ ಸಂದಿ ಉಳಿಯೋದು ಆ ವಯಸ್ಸಿನ ಹುಡುಗಿಯರಲ್ಲಿ ಸಾಮಾನ್ಯ. ಹುಡುಗರ ವಿಷಯದಲ್ಲಿ ಇಷ್ಟು ಕಿವಿಗೊಡುವ ಗುರುಗಳು ಅವಳಿಗೆ ಮಾತ್ರ "ಮನಸ್ಸಿಟ್ಟು ಹಾಡು" ಅಂತಲೇ ತಿಂಗಳುಗಟ್ಟಲೆ ಅಂದರು. ನಾವೇ ಹೋಗಿ ಹೇಳಿದ ಮೇಲೆ ಅವಳ ಶ್ರುತಿ ಕರಿ ಐದರಿಂದ ಕರಿ ನಾಲ್ಕಕ್ಕೆ ಇಳಿಸಿದರು, ಈಗ ಆರಾಮಾಗಿದ್ದಾಳೆ. ಹುಡುಗಿಯರನ್ನು ಕಳಿಸುವವರು ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಉಳಿದ ದೂರುಗಳು ಚಿಲ್ಲರೆ. ಮಹಡಿಯ ರೂಮು ಬೇಸಿಗೆಯಲ್ಲಿ ಕಾದ ಹಂಚು, ಒಂದು ಕೂಲರ್ ಇದೆ, ಅದರ ಸದ್ದಿಗೆ ಮಂದ್ರ ಸ್ವರ ಕೇಳಲ್ಲ ಅಂತ ಹಾಡುವಾಗ ಬಂದ್ ಮಾಡ್ತಾರೆ. ಕೆಳಗೆ ಗಾಡಿ ನಿಲ್ಲಿಸಲು ಜಾಗ ಇಲ್ಲ. ಗುರುಗಳಿಗೆ ಕಾರ್ಯಕ್ರಮ ಬಂದರೆ ಕ್ಲಾಸ್ ರದ್ದು, ಮೆಸೇಜು ನಾವು ಮನೆ ಬಿಟ್ಟ ಮೇಲೆ ಬರುತ್ತೆ. ಫೀಸ್ ತಿಂಗಳಿಗೆ 800, ರಸೀದಿ ಗಿಸೀದಿ ಇಲ್ಲ. ಸಂಗೀತದ ಜೂನಿಯರ್ ಸೀನಿಯರ್ ಪರೀಕ್ಷೆಗೆ ಕಟ್ಟಿಸ್ತಾರೆ, ಆದರೆ ದನಿ ಒಡೆಯುತ್ತಿರುವ ವರ್ಷ ಕಟ್ಟಿಸಲ್ಲ. ಸರ್ಟಿಫಿಕೇಟು ಬೇಗ ಬೇಕು ಅನ್ನುವವರಿಗೆ ಈ ಜಾಗ ಹೊಂದಲ್ಲ.

ನಮ್ಮವನಿಗೆ ಈಗ ಹದಿನಾರು ತುಂಬುತ್ತಿದೆ. ಬೆಳಿಗ್ಗೆ ಬೇಗ ಎದ್ದು ಖರಜ್ ಹಾಕುತ್ತಾನೆ, ಮಂದ್ರದ ಸಾ ಹಿಡಿದು ನಿಲ್ಲುತ್ತಾನೆ. ಯಮನ್ ರಾಗ ಶುರುವಾಗಿದೆ, ಈ ಸಲ ಅಂತರಾ ಸಮೇತ. ತಾರ ಸಾ ಇನ್ನೂ ಒಂದೊಂದು ದಿನ ಜಾರುತ್ತೆ. ದನಿ ಪೂರ್ತಿ ಕೂರಲು ಹದಿನೇಳು ಹದಿನೆಂಟಾಗುತ್ತೆ, ಅದರ ತೂಕ ಬರೋದು ಇಪ್ಪತ್ತು ದಾಟಿದ ಮೇಲೆ ಅಂತ ಹೇಳಿದ್ದಾರೆ, ಹಾಗಾಗಿ ನಾನೂ ಈಗ ಕೇಳೋದು ಬಿಟ್ಟಿದ್ದೇನೆ.

ಹೋಗುವವರಿಗೆ: ಸಂಜೆ ಆರರ ನಂತರ ಹೋಗಿ, ಅದಕ್ಕೆ ಮೊದಲು ಸಣ್ಣ ಮಕ್ಕಳ ಬ್ಯಾಚು, ಮಾತಾಡಲು ಸಿಗಲ್ಲ. ಹುಡುಗನ್ನ ಕರೆದುಕೊಂಡೇ ಹೋಗಿ, ಅವನಿಲ್ಲದೇ ನಿಮ್ಮ ಜೊತೆ ಫೀಸಿನ ಮಾತೂ ಆಡಲ್ಲ. ದೊಡ್ಡ ನೀರಿನ ಬಾಟಲಿ ಇರಲಿ. ಗಾಡಿಯನ್ನು ಎದುರು ಮನೆ ಗೇಟಿಗೆ ಅಡ್ಡ ಹಚ್ಚಬೇಡಿ, ಆ ಮನೆಯ ಅಜ್ಜಿ ಯಾವ ಶ್ರುತಿಯಲ್ಲಿ ಬೈತಾರೆ ಅಂತ ನಾನು ಕೇಳಿದ್ದೇನೆ, ಕರಿ ಐದಕ್ಕಿಂತ ಮೇಲೆ.